ಒಂದು ಗಾಳ, ಒಂದು ಮೀನು

ಕುಮಟಾದಿಂದ ನಮ್ಮ ಹಳೆಯ ಓದುಗರೊಬ್ಬರು ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು. ಕಳೆದ ಸಂಚಿಕೆಯಲ್ಲಿ ಬಂದ ಮಾಲ್ದೀವ್ಸ್ ರಫ್ತು ವ್ಯಾಪಾರದ ಲೇಖನ ಅವರಿಗೆ ಹಿಡಿಸಿಲ್ಲ. "ಆ ದೇಶ ಬದುಕುತ್ತಿರುವುದು ರೆಸಾರ್ಟುಗಳಿಂದ. ಮೀನಿಗೆ ಮೂರು ಪುಟ ಯಾಕೆ? ಒಂದೊಂದೇ ಮೀನನ್ನು ಗಾಳದಲ್ಲಿ ಹಿಡಿಯುವುದು ಹಳೇ ಕಾಲದ ಹಟ. ಒಂದೋ ದೊಡ್ಡ ಬಲೆ ಹಾಕಲಿ, ಇಲ್ಲವೋ ಮೀನು ಬಿಟ್ಟು ಪ್ರವಾಸಿಗರನ್ನು ನೋಡಿಕೊಳ್ಳಲಿ" ಅನ್ನುವುದು ಪತ್ರದ ಸಾರ.

ಹಣದ ಲೆಕ್ಕದಲ್ಲಿ ನೀವು ಹೇಳಿದ್ದು ಸರಿ. 1972ರಲ್ಲಿ ಕುರುಂಬಾ ಅನ್ನುವ ಮೊದಲ ರೆಸಾರ್ಟ್ ಶುರುವಾಯಿತು. 2024ರ ಹೊತ್ತಿಗೆ ವರ್ಷಕ್ಕೆ 20 ಲಕ್ಷ ಪ್ರವಾಸಿಗರು ಬಂದರು. ಸುಮಾರು ಐದು ಲಕ್ಷ ಜನರ ದೇಶಕ್ಕೆ ಅದು ದೊಡ್ಡ ಸಂಪಾದನೆ. ಒಪ್ಪಿದೆ.

ಆದರೆ ಆ ದೇಶದ ಬಂದರಿನಿಂದ ಹೊರಗೆ ಹೋಗುವ ಸ್ವಂತ ಸರಕು ಯಾವುದು ಹೇಳಿ? ಹೆಚ್ಚುಕಡಿಮೆ ಮೀನೊಂದೇ. ಒಳಗೆ ಬರುವುದು ಮಾತ್ರ ಎಲ್ಲವೂ. ಅಕ್ಕಿ, ಈರುಳ್ಳಿ, ಮೊಟ್ಟೆ, ಡೀಸೆಲ್, ಕೊನೆಗೆ ಮನೆ ಕಟ್ಟುವ ಮರಳು ಕೂಡ. 1981ರ ಒಪ್ಪಂದದ ಪ್ರಕಾರ ಭಾರತ ವರ್ಷವರ್ಷ ಇಷ್ಟಿಷ್ಟು ಸಾಮಾನು ಕಳಿಸಲು ಅನುಮತಿ ಕೊಡುತ್ತದೆ. 2024-25ಕ್ಕೆ ನದಿ ಮರಳೊಂದೇ 10 ಲಕ್ಷ ಟನ್! ಸುತ್ತಲೂ ಮರಳಿರುವ ದ್ವೀಪಕ್ಕೆ ನಮ್ಮ ಹೊಳೆಗಳ ಮರಳು ಹಡಗಿನಲ್ಲಿ ಹೋಗಬೇಕು. ಇಂಥ ದೇಶಕ್ಕೆ ಸ್ವಂತದ್ದು ಅಂತ ಇರುವ ಒಂದೇ ಸರಕನ್ನೂ ಬಿಟ್ಟುಬಿಡಿ ಅನ್ನುತ್ತೀರಲ್ಲ!

2020ರ ಮಾರ್ಚ್ ಕೊನೆಯಲ್ಲಿ ಅವರು ಪ್ರವಾಸಿಗರಿಗೆ ಬಾಗಿಲು ಹಾಕಿದರು. ತೆಗೆದದ್ದು ಜುಲೈ 15ಕ್ಕೆ. ಅಷ್ಟು ತಿಂಗಳು ರೆಸಾರ್ಟುಗಳಲ್ಲಿ ನರಪಿಳ್ಳೆ ಇರಲಿಲ್ಲ. ದೋಣಿಗಳು ಮಾತ್ರ ಕಡಲಿಗೆ ಹೋದವು. ಇನ್ನು 2024ರ ಜನವರಿಯ ಜಗಳ ನಿಮಗೆ ನೆನಪಿರಬೇಕು. ಅಲ್ಲಿನ ಉಪಮಂತ್ರಿಗಳು ಜಾಲತಾಣದಲ್ಲಿ ಏನೋ ಬರೆದರು, ನಮ್ಮವರು ಸಿಟ್ಟಾಗಿ ಟಿಕೆಟ್ ರದ್ದು ಮಾಡಿದರು. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು 2024ರಲ್ಲಿ ಸುಮಾರು 1 ಲಕ್ಷ 30 ಸಾವಿರಕ್ಕೆ ಇಳಿದರು. ಕಡಲಿನ ಮೀನು ಜಾಲತಾಣ ಓದುವುದಿಲ್ಲ.

ಈಗ ಗಾಳದ ವಿಷಯ. ಇದನ್ನು ನಾನು ಸುಮ್ನೆ ಬಿಡುವವನಲ್ಲ. ಆ ದೋಣಿಗೆ ಅವರ ಭಾಷೆಯಲ್ಲೂ 'ಧೋನಿ' ಅಂತಲೇ ಹೆಸರು, ನಮ್ಮ ದೋಣಿಯ ಒಡಹುಟ್ಟು. ಹವಳದ ದಿಬ್ಬಗಳ ಹತ್ತಿರ ಸಣ್ಣ ಮೀನು ಹಿಡಿದು, ದೋಣಿಯ ಹೊಟ್ಟೆಯಲ್ಲಿ ನೀರು ತುಂಬಿ, ಜೀವಂತ ಇಟ್ಟುಕೊಳ್ಳುತ್ತಾರೆ. ಟ್ಯೂನಾ ಹಿಂಡು ಕಂಡ ಕೂಡಲೇ ಆ ಮೀನನ್ನು ಎರಚುತ್ತಾರೆ. ಟ್ಯೂನಾ ಅಂದರೆ ನಮ್ಮ ಕರಾವಳಿಯವರ ಕೇದರ. ಜೊತೆಗೇ ನೀರು ಚಿಮುಕಿಸುತ್ತಾರೆ, ಮೇಲೆ ಮೀನು ಕುಣಿಯುತ್ತಿದೆ ಅಂತ ಹಿಂಡು ನಂಬಲಿ ಅಂತ. ಹಿಂಬದಿಯಲ್ಲಿ ಸಾಲಾಗಿ ನಿಂತವರು ಗಾಳದ ಗಳು ಬೀಸುತ್ತಾರೆ. ಕೊಕ್ಕೆಗೆ ಮುಳ್ಳಿರುವುದಿಲ್ಲ. ಎಳೆದ ಮೀನು ಗಾಳಿಯಲ್ಲೇ ಕಳಚಿ ದೋಣಿಯೊಳಗೆ ಬೀಳುತ್ತದೆ. ಒಂದು ಗಾಳಕ್ಕೆ ಒಂದು ಮೀನು. ಆಮೆ ಸಿಕ್ಕಿಬೀಳುವುದಿಲ್ಲ, ಮರಿ ಮೀನಿನ ರಾಶಿ ಸತ್ತು ತೇಲುವುದಿಲ್ಲ. 2012ರಲ್ಲಿ ಈ ಮೀನುಗಾರಿಕೆಗೆ, ಕಡಲಿಗೆ ಹಾನಿಯಾಗದ ಹಾಗೆ ಮೀನು ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರವೂ ಸಿಕ್ಕಿತು. ಅದೇ ಹಿಂದೂ ಮಹಾಸಾಗರದಲ್ಲಿ ಸ್ಪೇನ್, ಫ್ರಾನ್ಸಿನ ದೊಡ್ಡ ಹಡಗುಗಳು ಬಲೆ ಸುತ್ತಿ ಇಡೀ ಹಿಂಡನ್ನೇ ಬಾಚುತ್ತವೆ. ಹಳದಿ ರೆಕ್ಕೆಯ ಟ್ಯೂನಾವನ್ನು ಅಳತೆ ಮೀರಿ ಹಿಡಿಯಲಾಗಿದೆ ಅಂತ 2015ರಲ್ಲೇ ಈ ಸಾಗರದ ಟ್ಯೂನಾ ಆಯೋಗ ಹೇಳಿತು.

ಇಷ್ಟಾದ ಮೇಲೆ ಯುರೋಪಿನ ಸುಂಕ ನೋಡಿ. ಮಾಲ್ದೀವ್ಸ್ 2011ರಲ್ಲಿ ಕಡುಬಡ ದೇಶಗಳ ಪಟ್ಟಿಯಿಂದ ಹೊರಬಂತು. ಹಾಗಾಗಿ ಆ ಪಟ್ಟಿಯವರಿಗೆ ಸಿಗುವ ಸುಂಕದ ರಿಯಾಯಿತಿ ತಪ್ಪಿ, 2014ರಿಂದ ಅದರ ಡಬ್ಬಿ ಟ್ಯೂನಾಕ್ಕೆ 24% ಸುಂಕ. ಸೆಷೆಲ್ಸ್‌ನ ಕಾರ್ಖಾನೆಯಲ್ಲಿ ಯುರೋಪಿನ ಹಡಗುಗಳು ಬಲೆಯಲ್ಲಿ ಹಿಡಿದ ಮೀನನ್ನು ಡಬ್ಬಿಗೆ ಹಾಕಿದರೆ ಸುಂಕ ಇಲ್ಲ. ಇದಕ್ಕೆ ವ್ಯಾಪಾರ ಅನ್ನುತ್ತಾರಾ? ಹೀಗಾಗಿ ಮಾಲ್ದೀವ್ಸ್ ಮೀನಿನ ದೊಡ್ಡ ಪಾಲು ಹೆಪ್ಪುಗಟ್ಟಿದ ಹಸಿ ಮಾಲಾಗಿ ಥಾಯ್ಲೆಂಡಿಗೆ ಹೋಗುತ್ತದೆ. ಡಬ್ಬಿಯ ಲಾಭ ಥಾಯ್ಲೆಂಡಿನದು.

ಅವರ ಇತಿಹಾಸವೂ ಇಂಥದ್ದೇ. ನಾವು 'ಕವಡೆ ಕಾಸಿನ ಬೆಲೆ ಇಲ್ಲ' ಅನ್ನುತ್ತೇವೆ ಅಲ್ವಾ? ಆ ಕವಡೆ ಒಂದು ಕಾಲಕ್ಕೆ ನಿಜವಾದ ಹಣ, ಅದರ ದೊಡ್ಡ ಗಣಿಯೇ ಮಾಲ್ದೀವ್ಸ್. 1343ರಲ್ಲಿ ಅಲ್ಲಿಗೆ ಹೋಗಿ ಕಾಜಿ, ಅಂದರೆ ನ್ಯಾಯಾಧೀಶನಾಗಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ: ಕಡಲಿನಿಂದ ಕವಡೆ ಎತ್ತಿ, ಗುಂಡಿಯಲ್ಲಿ ಇಟ್ಟು ಒಳಗಿನ ಮಾಂಸ ಹೋಗುವಂತೆ ಮಾಡುತ್ತಾರೆ, ಬಂಗಾಳದವರು ಅಕ್ಕಿ ಕೊಟ್ಟು ಕೊಳ್ಳುತ್ತಾರೆ ಅಂತ. ಆಮೇಲೆ ಡಚ್ಚರು, ಇಂಗ್ಲಿಷರು ಅದೇ ಕವಡೆಯನ್ನು ಪಶ್ಚಿಮ ಆಫ್ರಿಕಕ್ಕೆ ಒಯ್ದು ಮನುಷ್ಯರನ್ನೇ ಕೊಂಡರು. ಹೆಕ್ಕಿದವರ ಕೈಗೆ ಬಂದದ್ದು ಅಕ್ಕಿ.

ಒಣಮೀನಿನ ಕಥೆ ನನಗೆ ಇನ್ನೂ ಹತ್ತಿರ. ಬೇಯಿಸಿ, ಹೊಗೆ ಹಿಡಿಸಿ, ಬಿಸಿಲಿಗೆ ಒಣಗಿಸಿದ ಮೀನು ಕಟ್ಟಿಗೆಯಂತೆ ಗಟ್ಟಿ. ಸಿಂಹಳೀಯರು ಅದನ್ನು ಉಂಬಲಕಡ ಅನ್ನುತ್ತಾರೆ, ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಒಣಗಿಸುವ ಕೆಲಸ ದ್ವೀಪದ ಹೆಂಗಸರದು. 1970ರ ದಶಕದ ಮೊದಲಲ್ಲಿ ಶ್ರೀಲಂಕಾದಲ್ಲಿ ವಿದೇಶಿ ಹಣಕ್ಕೆ ತತ್ವಾರವಾಗಿ ಆಮದು ಬಿಗಿಯಾಯಿತು. ಇದ್ದ ಒಂದೇ ದೊಡ್ಡ ಗಿರಾಕಿ ಕೈಬಿಟ್ಟ. ಆಗ ಜಪಾನಿನ ಕಂಪನಿಗಳು ಬಂದು ಹಸಿ ಮೀನನ್ನು ಕಡಲಲ್ಲೇ ಕೊಂಡು ಹೆಪ್ಪುಗಟ್ಟಿಸಿದವು. ಗಂಡಸರ ಕೈಗೆ ರೊಕ್ಕ ಬಂತು, ಹೆಂಗಸರ ಕೈಯ ಕೆಲಸ ಹೋಯಿತು. ಆ ವರ್ಷಗಳ ರಫ್ತಿನ ಪಟ್ಟಿಯಲ್ಲಿ ಇದು ನಷ್ಟ ಅಂತ ಎಲ್ಲಿ ಬರೆದಿರುತ್ತಾರೆ? ಎಷ್ಟು ಡಾಲರ್ ಬಂತು ಅನ್ನುವುದು ಒಂದು ಸಾಲು. ಆ ಹಣ ಎಷ್ಟು ಮನೆಯ ಹೊಸ್ತಿಲು ದಾಟಿತು ಅನ್ನುವುದಕ್ಕೆ ಸಾಲೇ ಇಲ್ಲ. ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲೂ ಇಲ್ಲ. ಅಲ್ಲಿ ಷೇರು ಏರಿತು, ಷೇರು ಇಳಿಯಿತು, ಅಷ್ಟೇ.

ಕುಮಟಾದ ನೀವು ದೊಡ್ಡ ಬಲೆಯ ಪರ ಮಾತಾಡಿದ್ದು ನನಗೆ ನೋವಾಗಿದೆ, ಹೇಳಿಬಿಡುತ್ತೇನೆ. ನಾನು ಚಿಕ್ಕವನಿದ್ದಾಗ ಅಜ್ಜಿಯ ಊರಿನ ಕಡಲ ತೀರದಲ್ಲಿ ರಂಪಣಿ, ಅಂದರೆ ದಡದಿಂದ ಜನ ಕೂಡಿ ಎಳೆಯುವ ಉದ್ದ ಬಲೆ, ಎಳೆಯುವುದನ್ನು ನೋಡಿದ್ದೇನೆ. ಇಡೀ ಕೇರಿ ಹಗ್ಗಕ್ಕೆ ಕೈ ಹಾಕುತ್ತಿತ್ತು. ಮುದುಕರೂ, ಶಾಲೆ ತಪ್ಪಿಸಿದ ಹುಡುಗರೂ. ಬಲೆ ದಡಕ್ಕೆ ಬಂದರೆ ಬಂಗುಡೆ ಬೆಳ್ಳಿಯ ಹಾಗೆ ಮಿಣಮಿಣ. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಸುಮ್ಮನೆ ನಿಂತಿದ್ದ ನನ್ನ ಕೈಗೂ ಯಾರೋ ಎರಡು ಬಂಗುಡೆ ಕೊಟ್ಟಿದ್ದರು. 1970ರ ದಶಕದ ಕೊನೆಗೆ ಪರ್ಸೀನ್ ಅನ್ನುವ ಸುತ್ತುಬಲೆಯ ಯಂತ್ರದ ದೋಣಿಗಳು ಬಂದವು. ಬಂಗುಡೆ ದಡಕ್ಕೆ ಬರುವ ಮೊದಲೇ ಕಡಲಲ್ಲೇ ಸುತ್ತುವರಿದು ಎತ್ತಿದವು. ಹಿಡಿದ ಮೀನಿನ ತೂಕ ಜಾಸ್ತಿಯಾಯಿತು, ರಂಪಣಿ ಮುಗಿಯಿತು. ಆಮೇಲೆ ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್, ಬೆಳಕು ಹಾಕಿ ಹಿಡಿಯುವುದು. ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಬೇಕಾಯಿತು. ಗಾಳದವರನ್ನು 'ಹಳೇ ಕಾಲದವರು' ಅನ್ನುವ ಮೊದಲು ನಮ್ಮ ಈ ಐವತ್ತು ವರ್ಷ ನೋಡಬೇಡವೇ?

ನಿಮ್ಮ ಪತ್ರ ನನಗೆ ಬೇಕಾಗಿತ್ತು. ಇಷ್ಟು ಕಾಳಜಿಯಿಂದ ಓದಿ, ಇಷ್ಟು ನೇರವಾಗಿ ಬರೆಯುವವರು ಕಡಿಮೆ. ಒಂದು ಕೋರಿಕೆ: ನಿಮ್ಮ ಊರಿನ ತೀರದಲ್ಲಿ ಕೊನೆಯ ಸಲ ರಂಪಣಿ ಎಳೆದದ್ದು ಯಾವಾಗ, ಎಷ್ಟು ಮನೆಯವರು ಹಗ್ಗ ಹಿಡಿದಿದ್ದರು, ಪಾಲು ಹೇಗೆ ಹಂಚುತ್ತಿದ್ದರು ಅಂತ ಹಿರಿಯರನ್ನು ಕೇಳಿ ಬರೆದು ಕಳಿಸಿ. ಅದಕ್ಕೂ ಮೂರು ಪುಟ ಇಟ್ಟಿರುತ್ತೇನೆ.

- ಸಂಪಾದಕ