ಎಂ.ಎಸ್ಸಿ ಸೈಕಾಲಜಿ ಸರ್ವಿಸ್ ಲರ್ನಿಂಗ್‌ಗೆ ಹಳ್ಳಿಗೆ ಹೋಗಿ ಫಾರ್ಮ್ ತುಂಬಿಸ್ಕೊಂಡು ಬಂದ್ರ ಸಾಕಾ?

ನೀವು ಕೇಳಿದ್ದು ಸರ್ವಿಸ್ ಲರ್ನಿಂಗ್‌ಗೆ, ಅಂದ್ರ ಊರಿನ ಕೆಲಸ ಮಾಡ್ತಾನೇ ಕಲಿಯೋದಕ್ಕ, ಆಳಂದ ಕಡಿ ಹಳ್ಳಿಗೆ ಹೋಗಿ 100 ಮಂದಿಗೆ ಪಿಎಚ್‌ಕ್ಯೂ-9 (ಡಿಪ್ರೆಶನ್ ಅದನೋ ಇಲ್ಲೋ ನೋಡೋ 9 ಪ್ರಶ್ನಿ ಫಾರ್ಮ್) ಹಚ್ಚಿ ರಿಪೋರ್ಟ್ ಕೊಟ್ರ ಸಾಕಾ ಅಂತ. ಮಾರ್ಕ್ಸಿಗೆ ಸಾಕಾಗಬಹುದು ರೀ, ಆದ್ರ ಊರಿಗೇನ್ ಸಿಕ್ತು? ನಾ ಕಲಬುರಗಿಯಾಗೇ ಎಂ.ಎಸ್ಸಿ ಮಾಡ್ದಾಕಿ, ಈಗೂ ಸ್ಟೂಡೆಂಟ್ಸ್ ಜೋಡಿ ಫೀಲ್ಡಿಗೆ ಹೋಗ್ತೀನಿ, ಅದಕ್ಕ ಹೇಳ್ಲತ್ತೀನಿ.

ಆ ಫಾರ್ಮಿನ 9ನೇ ಪ್ರಶ್ನಿ ಸಾಯೋ ವಿಚಾರ ಬರ್ತದೇನು ಅಂತ ಕೇಳ್ತದ. ಯಾರರೆ ಒಬ್ಬಾಕಿ ಹೂಂ ಅಂದ್ರ ನೀವ್ ಏನ್ ಮಾಡೋರು, ಅಂಕಿ ಬರ್ಕೊಂಡು ಸಂಜಿ ಬಸ್ ಹತ್ತೋರಾ? ಕೇಳೋಕಿಂತ ಮೊದ್ಲೇ ಕಳಿಸೋ ದಾರಿ ಗೊತ್ತಿರ್ಬೇಕು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಟೀಮ್ ತಾಲೂಕಾ ಆಸ್ಪತ್ರೆಗೆ ಯಾವಾಗ ಬರ್ತದ, ಗುಳಿಗಿ ಎಲ್ಲಿ ಸಿಗ್ತಾವ, ರಾತ್ರಿ ಆದ್ರ ಟೆಲಿ ಮಾನಸ್ 14416 ಅದ, ಫ್ರೀ, 24 ತಾಸು, ಕನ್ನಡದಾಗೂ ಮಾತಾಡ್ತಾರ. ಇನ್ನೊಂದು, ಬೆಳಿಗಿ ಹೊಡಿಯೋ ಎಣ್ಣಿ ಕುಡ್ದು ಸಾಯ್ಲಾಕ ಹೋಗಿ ಉಳಿದೋರ ಮನ್ಯಾಗ ಪೊಲೀಸ್ ಕೇಸ್ ಆಗ್ತದಂತ ಹೆದರಿ ಬಾಯೇ ಬಿಡಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 115ನೇ ಕಲಂದಾಗ ಸಾಯ್ಲಾಕ ಹೋದೋರು ತೀವ್ರ ಒತ್ತಡದಾಗಿದ್ರು ಅಂತಲೇ ತಿಳೀಬೇಕು, ಬ್ಯಾರೆ ಸಾಬೀತು ಆಗೋತನ ಶಿಕ್ಷೆ ಇಲ್ಲ, ಆರೈಕಿ ಕೊಡೋದು ಸರ್ಕಾರದ ಜವಾಬ್ದಾರಿ ಅಂತ ಅದ. ಇದೊಂದು ಮನಿಮನಿಗೆ ತಿಳಿಸಿದ್ರೂ ನಿಮ್ 100 ಫಾರ್ಮಿಗಿಂತ ಹೆಚ್ಚಿನ ಕೆಲಸ.

ಮತ್ತ ಏನ್ ಮಾಡ್ಬೇಕು ಅನ್ನೋದು ಕ್ಲಾಸ್‌ರೂಮಿನಾಗ ಕುಂತು ಫಿಕ್ಸ್ ಮಾಡ್ಬ್ಯಾಡ್ರಿ, ಆಶಾ ಅಕ್ಕೋರನ್ನ ಕೇಳ್ರಿ. ನಮಗೊಬ್ಬಾಕಿ ಕೇಳಿದ್ದು ಡಿಪ್ರೆಶನ್ ಬಗ್ಗೆ ಅಲ್ವೇ ಅಲ್ಲ, ಫಿಟ್ಸ್ ಬರೋ ಹುಡುಗನ ಗುಳಿಗಿ ಬಿಡ್ಸಿ ದೇವ್ರಿಗೆ ಕರ್ಕೊಂಡು ಹೋಗ್ಲತ್ತಾರ, ಮನಿಯೋರಿಗೆ ಹ್ಯಾಂಗ್ ಹೇಳ್ಲಿ ಅಂತ. ದೇವ್ರಿಗೂ ಹೋಗ್ರಿ ಗುಳಿಗೀನೂ ಬಿಡಬ್ಯಾಡ್ರಿ ಅಂತ ಅಜ್ಜಿ ಮುಂದ ಹೇಳೋದು ಕಲೀಲಾಕ ಸ್ಟೂಡೆಂಟ್ಸ್‌ಗೆ ಭಾಳ ಟೈಮ್ ಹಿಡೀತು, ಆದ್ರ ಆಶಾ ಅಕ್ಕ ಅದನ್ನ ನೋಡ್ನೋಡೇ ಕಲ್ತಳು, ಈಗ ನಾವಿಲ್ದನೂ ಹೇಳ್ತಾಳ. ಇದೇನ್ ಹೊಸ ಐಡಿಯಾ ಅಲ್ರಿ. 1980ರ ದಶಕದಾಗ ನಿಮ್ಹಾನ್ಸ್‌ನೋರು ಬಳ್ಳಾರಿ ಜಿಲ್ಲಾದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾಡಿದ್ದು ಇದ್ನೇ, ಅದೇ ಮಾದರಿ ಮ್ಯಾಲ 1996ರಾಗ ದೇಶದ ಜಿಲ್ಲಾ ಕಾರ್ಯಕ್ರಮ ಶುರುವಾಗಿದ್ದು.

ಗೈಡ್ ವಾರಕ್ಕೊಮ್ಮೆ ಕುಂತು ನಿಮ್ ಡೈರಿ ನೋಡ್ತಾರೇನು ಕೇಳ್ರಿ, ಇಲ್ಲಂದ್ರ ಬ್ಯಾರೆ ಪ್ಲೇಸ್‌ಮೆಂಟ್ ಹುಡುಕ್ರಿ. ಎಂ.ಎಸ್ಸಿ ಸ್ಟೂಡೆಂಟ್ ಒಬ್ರೇ ಕೌನ್ಸೆಲಿಂಗಿಗೆ ಕುಂಡ್ರೋದು ಬ್ಯಾಡೇ ಬ್ಯಾಡ. ಹಾಂ, ತೊಗರಿ ರಾಶಿ ಟೈಮಿನಾಗ ಹಗಲೊತ್ತು ಹೋಗ್ಬ್ಯಾಡ್ರಿ, ಮನ್ಯಾಗ ಯಾರೂ ಸಿಗಲ್ಲ.