ಓದುಗರ ಪ್ರಶ್ನೆ: ಹಳೆಯ ಬೀಜಿಂಗ್‌ನ ಕೋಸಿನ ರಾಶಿ, ಕಲ್ಲಿದ್ದಲ ಬಿಲ್ಲೆ, ಬೇರೆ ನೋಟು

ಪ್ರಶ್ನೆ: 1980ರ ದಶಕದಲ್ಲಿ ಬೀಜಿಂಗ್ ನೋಡಿಬಂದ ವಿದೇಶಿಯರು ನವೆಂಬರಿನಲ್ಲಿ ರಸ್ತೆಬದಿಯ ಎಲೆಕೋಸಿನ ರಾಶಿಗಳ ಬಗ್ಗೆ ಬರೆಯುತ್ತಾರೆ. ಅಷ್ಟು ಕೋಸು ಕೆಡುತ್ತಿರಲಿಲ್ಲವೇ?
– ಓದುಗರು, ಹಾಸನ

ಉತ್ತರ: ಅದು ನಮ್ಮ ಗುಂಡು ಕೋಸಲ್ಲ, ಉದ್ದನೆಯ ಚೀನಾ ಕೋಸು. ಚಳಿಗಾಲದಲ್ಲಿ ಬೀಜಿಂಗ್‌ಗೆ ಹಸಿ ತರಕಾರಿ ಬಹಳ ಕಡಿಮೆ ಬರುತ್ತಿತ್ತು. ಹಾಗಾಗಿ ಸರ್ಕಾರಿ ಅಂಗಡಿಗಳು ಕೋಸನ್ನು ಅಗ್ಗವಾಗಿ ಮಾರುತ್ತಿದ್ದವು. ಒಂದೊಂದು ಮನೆ ನೂರಾರು ಜಿನ್ ಕೊಳ್ಳುತ್ತಿತ್ತು. ಒಂದು ಜಿನ್ ಎಂದರೆ ಅರ್ಧ ಕಿಲೋ.

ತಂದ ಕೋಸನ್ನು ಮೊದಲು ಕೆಲವು ದಿನ ಬಿಸಿಲಿಗಿಟ್ಟು ಹೊರಗಿನ ಎಲೆ ಬಾಡಿಸುತ್ತಿದ್ದರು. ಬಾಡಿದ ಎಲೆಯನ್ನು ಕಿತ್ತೆಸೆಯಬಾರದು, ಒಳಗಿನ ತೇವ ಆರದಂತೆ ಕಾಯುವುದು ಅದೇ. ಆಮೇಲೆ ಅಂಗಳದಲ್ಲೋ ಮೆಟ್ಟಿಲ ಬಳಿಯೋ ಒಟ್ಟಿ, ರಾತ್ರಿ ಹಳೆಯ ರಜಾಯಿ ಹೊದಿಸಿ, ಹಗಲು ತೆಗೆಯಬೇಕು. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದರೆ ತಿಂಗಳುಗಟ್ಟಲೆ ಬಾಳುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಕರಗಿದ ಮೇಲೆ ನೀರಾಗುತ್ತದೆ. ಹೊದಿಕೆ ಹೆಚ್ಚಾಗಿ ಗಾಳಿಯಾಡದಿದ್ದರೆ ನಡುವೆ ಬಿಸಿಯೇರಿ ಕೊಳೆಯುತ್ತದೆ. ಅದಕ್ಕೇ ಆಗಾಗ ರಾಶಿ ಬಿಚ್ಚಿ ಮೇಲಿನದನ್ನು ಕೆಳಕ್ಕೆ ಹಾಕಿ, ಕೊಳೆತದ್ದನ್ನು ಆರಿಸುವ ಕೆಲಸ ಇರುತ್ತಿತ್ತು. ಪ್ರವಾಸಿಗಳಿಗೆ ರಾಶಿ ಕಂಡಿತು, ಮನೆಯವರ ಈ ದುಡಿಮೆ ಕಾಣಲಿಲ್ಲ.

ಪ್ರಶ್ನೆ: ಊರೆಲ್ಲ ಕಲ್ಲಿದ್ದಲ ಹೊಗೆಯ ವಾಸನೆ ಎಂದೂ ಬರೆದಿದ್ದಾರೆ. ಅದು ಕಾರ್ಖಾನೆಯದೇ?
– ಓದುಗರು, ಗದಗ

ಉತ್ತರ: ಕಾರ್ಖಾನೆಯದೂ ಹೌದು, ಮನೆ ಒಲೆಯದೂ ಹೌದು. ಗಲ್ಲಿಗಳ ಹಳೆಯ ಮನೆಗಳಲ್ಲಿ ಅಡುಗೆಗೂ ಬೆಚ್ಚಗಿರುವುದಕ್ಕೂ ಕಲ್ಲಿದ್ದಲ ಪುಡಿ ಮತ್ತು ಜೇಡಿಮಣ್ಣು ಕಲಸಿ ಒತ್ತಿದ, ತೂತುಗಳಿರುವ ದುಂಡು ಬಿಲ್ಲೆ ಉರಿಸುತ್ತಿದ್ದರು. ಬಿಲ್ಲೆಗಳನ್ನು ಒಂದರ ಮೇಲೊಂದು ಇಡುವಾಗ ತೂತಿಗೆ ತೂತು ಸರಿಯಾಗಿ ಕೂಡಬೇಕು, ಇಲ್ಲದಿದ್ದರೆ ಗಾಳಿ ಸಿಗದೆ ಬೆಂಕಿ ಆರುತ್ತದೆ. ಬೂದಿಯಾದ ಕೆಳಗಿನದನ್ನು ಇಕ್ಕಳದಿಂದ ತೆಗೆದು, ಉರಿಯುವುದನ್ನು ಕೆಳಗಿಳಿಸಿ, ಹೊಸದನ್ನು ಮೇಲಿಡುವುದು ಕ್ರಮ. ರಾತ್ರಿ ಒಲೆಯ ಗಾಳಿಕಂಡಿಯನ್ನು ಕಿರಿದು ಮಾಡುತ್ತಿದ್ದರು. ಆಗ ಹೊಗೆಕೊಳವೆ ಕಟ್ಟಿದ್ದರೆ ಕಾರ್ಬನ್ ಮೊನಾಕ್ಸೈಡ್ ಕೋಣೆಯಲ್ಲೇ ತುಂಬಿ ಮಲಗಿದವರ ಜೀವ ಹೋಗುತ್ತಿತ್ತು. ಈ ಅನಿಲಕ್ಕೆ ವಾಸನೆಯೇ ಇಲ್ಲ. ಕೊಳವೆಯ ಕೂಡುಜಾಗಗಳನ್ನು ನೋಡಿಕೊಳ್ಳುವುದು, ಕಿಟಕಿಯಲ್ಲಿ ಗಾಳಿಗಿಂಡಿ ಬಿಡುವುದು ಪ್ರತಿ ಚಳಿಗಾಲದ ಮುನ್ನೆಚ್ಚರಿಕೆ.

ಪ್ರಶ್ನೆ: ಹಳೆಯ ಪೆಟ್ಟಿಗೆಯಲ್ಲಿ ಚೀನಾದ ನೋಟೊಂದು ಸಿಕ್ಕಿದೆ, ಒಂದು ಬದಿ ಇಂಗ್ಲಿಷ್ ಬರಹ, 1979 ಎಂದಿದೆ. ಚಲಾವಣೆಯಾಗುತ್ತದೆಯೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ. ಅದು ವಿದೇಶಿಯರಿಗೆಂದೇ ಬ್ಯಾಂಕ್ ಆಫ್ ಚೀನಾ 1980ರ ಏಪ್ರಿಲ್‌ನಿಂದ ಕೊಟ್ಟ ವಿನಿಮಯ ಪತ್ರ. ಮುದ್ರಿತ ವರ್ಷ ಮಾತ್ರ 1979. ನೂರು ಯುವಾನ್‌ನದಾದರೆ ಮಹಾಗೋಡೆಯ ಚಿತ್ರ ಇರುತ್ತದೆ. ಡಾಲರ್ ಕೊಟ್ಟವರಿಗೆ ಇದು ಸಿಗುತ್ತಿತ್ತು. ಹೋಟೆಲುಗಳಲ್ಲಿ, ವಿದೇಶಿಯರಿಗೆಂದು ಇದ್ದ ಫ್ರೆಂಡ್‌ಶಿಪ್ ಸ್ಟೋರ್ ಎಂಬ ಸರ್ಕಾರಿ ಅಂಗಡಿಗಳಲ್ಲಿ ಇದನ್ನೇ ಕೇಳುತ್ತಿದ್ದರು. ಮುಖಬೆಲೆ ಸಾಮಾನ್ಯ ಯುವಾನ್‌ನಷ್ಟೇ ಆದರೂ ಆಮದು ಸಾಮಾನು ಕೊಳ್ಳಬಹುದಾಗಿದ್ದರಿಂದ ಕಾಳಸಂತೆಯಲ್ಲಿ ಬೆಲೆ ಹೆಚ್ಚಿತ್ತು. ಬೀದಿ ಅಂಗಡಿಯಲ್ಲಿ ಇದನ್ನು ಕೊಟ್ಟು ಸಾಮಾನ್ಯ ನೋಟಿನಲ್ಲಿ ಚಿಲ್ಲರೆ ಪಡೆದ ಪ್ರವಾಸಿಗೆ ನಷ್ಟವೇ ಆಗುತ್ತಿತ್ತು. 1995ರ ಜನವರಿ 1ರಿಂದ ಚಲಾವಣೆ ನಿಂತಿದೆ. ಈಗ ನೋಟು ಸಂಗ್ರಹಿಸುವವರು ಮಾತ್ರ ಕೊಳ್ಳುತ್ತಾರೆ. ಮಡಿಕೆ, ಕಲೆ ಇಲ್ಲದ್ದಕ್ಕೆ ಅವರಲ್ಲಿ ಹೆಚ್ಚು ಬೆಲೆ.