ಡಿಟೆಕ್ಟರ್‌ಗೆ ಯಾವ ಚಾರ್ಜಿಂಗ್ ಸೆಲ್ ಹಾಕಲಿ?

ಪ್ರಶ್ನೆ: ಸರ್, ನಾನು ಬಳ್ಳಾರಿ ಜಿಲ್ಲೆಯ ಒಂದು ದೇವಸ್ಥಾನದಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ನಾಲ್ಕಿವೆ. ಎಲ್ಲದಕ್ಕೂ 9 ವೋಲ್ಟಿನ ಸೆಲ್. ಜಾತ್ರೆ ಬಂತೆಂದರೆ ಸೆಲ್ಲಿಗೇ ದುಡ್ಡು ಸುರಿಯಬೇಕು. ಚಾರ್ಜ್ ಮಾಡುವ ಸೆಲ್ ತರೋಣ ಅಂದರೆ, ಲಿಥಿಯಂ ಸಿಡಿಯುತ್ತದೆ ಅಂತ ಹುಡುಗರು ಹೆದರುತ್ತಾರೆ. ಮೊಬೈಲ್ ಚಾರ್ಜರ್ ಪಿನ್ ಚುಚ್ಚಿ ಚಾರ್ಜ್ ಮಾಡುವ ಸೆಲ್ ಆನ್‌ಲೈನಿನಲ್ಲಿ ನೋಡಿದೆ. ತಗೊಳ್ಳಬಹುದಾ?

ಉತ್ತರ: ಆ ಪಿನ್ ಚುಚ್ಚುವ ಸೆಲ್ ಬೇಡ, ಅದೂ ಲಿಥಿಯಂನದೇ. ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ತಗೊಳ್ಳಿ. ಮೈಮೇಲೆ ಎನ್‌ಐ-ಎಂಎಚ್ ಅಂತ ಇರುತ್ತದೆ. ಜೊತೆಗೆ 8.4 ವೋಲ್ಟ್ ಅಂತ ಇದೆಯಾ ನೋಡಿ. ಒಳಗೆ 1.2 ವೋಲ್ಟಿನ ಏಳು ಮರಿ ಸೆಲ್ ಇದ್ದರೆ 8.4 ಆಗುತ್ತದೆ. ಆರೇ ಇರುವ 7.2 ವೋಲ್ಟಿನದೂ ಅದೇ ಡಬ್ಬಿಯಲ್ಲಿ ಸಿಗುತ್ತದೆ. ಅದನ್ನು ಹಾಕಿದರೆ ಡಿಟೆಕ್ಟರಿನ 'ಬ್ಯಾಟರಿ ಕಡಿಮೆ' ದೀಪ ಬೇಗ ಹತ್ತಿಕೊಳ್ಳುತ್ತದೆ.

ಲಿಥಿಯಂ ಯಾಕೆ ಬೇಡ ಅಂದೆ ಗೊತ್ತಾ? ಸಿಡಿಯುವ ಭಯ ಒಂದೇ ಅಲ್ಲ. ಎರಡು ವರ್ಷದ ಹಿಂದೆ ಒಂದು ಮಾಲ್‌ನವರು ಡಿಟೆಕ್ಟರ್ ರಿಪೇರಿಗೆ ತಂದರು. ಹತ್ತಿರ ಏನೂ ಇಲ್ಲದಿದ್ದರೂ ಸುಮ್ನೆ ಕೂಗುತ್ತಿತ್ತು. ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿ, ನೋಡಿದೆ, ಬೆಸುಗೆ ನೋಡಿದೆ. ಅರ್ಧ ದಿನ ಹೋಯಿತು. ಕೊನೆಗೆ ಸೆಲ್ ತೆಗೆದು ಮಾಮೂಲಿ ಸೆಲ್ ಹಾಕಿದೆ. ಕೂಗು ನಿಂತಿತು. ತೆಗೆದದ್ದು ನೀವು ಹೇಳುವ ಪಿನ್ನಿನ ಸೆಲ್ಲೇ. ಲಿಥಿಯಂ ಸೆಲ್ಲಿನ ವೋಲ್ಟ್ 3.7. ಅದನ್ನು 9ಕ್ಕೆ ಏರಿಸಲು ಡಬ್ಬಿಯೊಳಗೆ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತಾ ಕರೆಂಟಿನಲ್ಲಿ ಗಲಾಟೆ ಎಬ್ಬಿಸುತ್ತದೆ. ಡಿಟೆಕ್ಟರ್ ಕೆಲಸ ಮಾಡುವುದೇ ಕಾಯಿಲಿನಲ್ಲಾಗುವ ಅತಿ ಸಣ್ಣ ಬದಲಾವಣೆಯ ಮೇಲೆ. ಈ ಗಲಾಟೆಯನ್ನು ಅದು ತಡೆದುಕೊಳ್ಳುವುದಿಲ್ಲ.

ನನಗೆ ನಿಜವಾಗಿ ಗಾಬರಿಯಾದದ್ದು ಬೇರೆ ಕಾರಣಕ್ಕೆ. ಕೂಗು ತಾಳಲಾರದೆ ಅಲ್ಲಿನ ಹುಡುಗ ಸೂಕ್ಷ್ಮತೆಯ ಸ್ಕ್ರೂ ತಿರುಗಿಸಿ ಪೂರ್ತಿ ಕಡಿಮೆ ಮಾಡಿಬಿಟ್ಟಿದ್ದ. ನಾನು ಒಂದು ಚಿಕ್ಕ ಚಾಕು ಹಿಡಿದೆ. ಮುಟ್ಟಿಸಿದರೂ ಬೀಪ್ ಬರಲಿಲ್ಲ! ಎಷ್ಟು ಜನರನ್ನು ಹಾಗೆ ತಪಾಸಣೆ ಮಾಡಿ ಒಳಗೆ ಬಿಟ್ಟಿದ್ದರೋ.

ಇನ್ನೊಂದು ವಿಷಯ. ಈ ಪಿನ್ನಿನ ಸೆಲ್ ಮುಗಿಯುವ ತನಕ 9 ವೋಲ್ಟೇ ಕೊಡುತ್ತದೆ. ಹಾಗಾಗಿ ಎಚ್ಚರಿಕೆಯ ದೀಪ ಹತ್ತುವುದೇ ಇಲ್ಲ. ಸಾಲು ಉದ್ದ ಇರುವಾಗಲೇ ತಟ್ಟನೆ ಆರುತ್ತದೆ. ಏರಿಸುವ ಸರ್ಕ್ಯೂಟ್ ಇಲ್ಲದೆ, ಎರಡು ಲಿಥಿಯಂ ಸೆಲ್ ಜೋಡಿಸಿದ 7.4 ವೋಲ್ಟಿನದೂ ಬರುತ್ತದೆ. ಗಲಾಟೆ ಇಲ್ಲ, ಆದರೆ ಅದರದ್ದೇ ಚಾರ್ಜರ್ ಬೇಕು. ನಾಲ್ಕು ಜನ ಕೈ ಬದಲಾಯಿಸುವ ಜಾಗದಲ್ಲಿ ಚಾರ್ಜರ್ ಅದಲುಬದಲಾದರೆ ಕಷ್ಟ. ಹುಡುಗರ ಹೆದರಿಕೆ ನಿಜವಾಗುವುದು ಆಗಲೇ.

ನಿಕಲ್ ಸೆಲ್ಲಿಗೂ ಒಂದು ಕೊರತೆ ಇದೆ, ಹೇಳಿಬಿಡುತ್ತೇನೆ. ಒಂದೇ ಸಲ ಬಳಸುವ ಒಳ್ಳೆಯ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು 500 ಮಿಲಿಆಂಪ್ ಅವರ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಇದ್ದರೆ ಇದರಲ್ಲಿ 200ರ ಆಸುಪಾಸು. ಅಂದರೆ ಅರ್ಧ ಹೊತ್ತೂ ಬರುವುದಿಲ್ಲ. ಅದಕ್ಕೇ ಒಂದು ಡಿಟೆಕ್ಟರಿಗೆ ಎರಡರಂತೆ ಎಂಟು ತಗೊಳ್ಳಿ. ಒಂದು ಡ್ಯೂಟಿಯಲ್ಲಿ, ಒಂದು ಚಾರ್ಜಿಗೆ. ಇಟ್ಟಲ್ಲೇ ಚಾರ್ಜ್ ಸೋರದ ಬಗೆಯದು ಕೇಳಿ. ಮಾಮೂಲಿ ನಿಕಲ್ ಸೆಲ್ ತಿಂಗಳು ಕಪಾಟಿನಲ್ಲಿದ್ದರೆ ಜಾಸ್ತಿ ಚಾರ್ಜ್ ಹೋಗಿರುತ್ತದೆ. ಮಾರುವವರು 1000 ಮಿಲಿಆಂಪ್ ಅವರ್ ಅಂತ ಬರೆದಿದ್ದರೆ ವಾಪಸ್ ಇಡಿ. ಆ ಪುಟ್ಟ ಡಬ್ಬಿಯಲ್ಲಿ ಅಷ್ಟು ನಿಕಲ್ ಹಿಡಿಯುವುದಿಲ್ಲ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಅನ್ನುವ ಮಾನದಂಡದ ಸಂಖ್ಯೆ, ಕೆಳಗೆ 'ಆರ್' ಅಕ್ಷರದಿಂದ ಶುರುವಾಗುವ ನಂಬರ್, ಇಷ್ಟನ್ನೂ ನೋಡಿ.

ಚಾರ್ಜರ್ ತಾನಾಗಿ ನಿಲ್ಲುವಂಥದ್ದು ಇರಲಿ. ಅಗ್ಗದ್ದು ನಿಲ್ಲುವುದಿಲ್ಲ, ಎರಡು ದಿನ ಮರೆತರೆ ಸೆಲ್ ಕಾದು ಹಾಳಾಗುತ್ತದೆ. ನಿಮ್ಮದು ಬಳ್ಳಾರಿ ಬಿಸಿಲು, ಅಲ್ವಾ? ತಗಡಿನ ಶೀಟಿನ ಚೌಕಿಯೊಳಗೆ ಮಧ್ಯಾಹ್ನ ಚಾರ್ಜಿಗೆ ಇಡಬೇಡಿ. ರಾತ್ರಿ ಆಫೀಸಿನಲ್ಲಿ, ಕಲ್ಲಿನ ಕಟ್ಟೆ ಮೇಲೆ ಇಡಿ. ಅಂಗಡಿಯಲ್ಲಿ ಹೈವಾಟ್ ಅಂತ ಕೇಳಿ ತರುವ ಮಾಮೂಲಿ ಸೆಲ್ಲನ್ನು ಯಾವ ಕಾರಣಕ್ಕೂ ಚಾರ್ಜರಿಗೆ ಹಾಕಬೇಡಿ. ಅದು ಸೋರುತ್ತದೆ, ಒಡೆಯಲೂಬಹುದು. ಡಿಟೆಕ್ಟರಿನಲ್ಲೇ ಚಾರ್ಜಿಂಗ್ ತೂತು ಇದ್ದರೆ ಒಳಗೆ ಯಾವ ಸೆಲ್ ಇದೆ ಅಂತ ಮೊದಲು ತೆರೆದು ನೋಡಿ.

ಹುಡುಗರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ. ಸ್ಪೇರ್ ಸೆಲ್ ಪ್ಯಾಂಟಿನ ಜೇಬಿನಲ್ಲಿ ಬೇಡ. ಈ ಸೆಲ್ಲಿನ ಪ್ಲಸ್, ಮೈನಸ್ ಎರಡೂ ಒಂದೇ ತಲೆಯಲ್ಲಿವೆ. ಬೀಗದ ಕೈ, ಚಿಲ್ಲರೆ ತಾಗಿದರೆ ಶಾರ್ಟ್ ಆಗುತ್ತದೆ. ನನ್ನ ಅಂಗಡಿಗೆ ಬರುವ ಒಬ್ಬ ವಾಚ್‌ಮನ್‌ಗೆ ತೊಡೆ ಸುಟ್ಟು ಬೊಬ್ಬೆ ಎದ್ದಿತ್ತು. ಅದು ಲಿಥಿಯಂ ಅಲ್ಲ, ನಾನು ನಿಮಗೆ ಹೇಳುತ್ತಿರುವ ನಿಕಲ್ ಸೆಲ್ಲೇ! ತಲೆಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ಇಲ್ಲವಾದರೆ ಇನ್ಸುಲೇಶನ್ ಟೇಪ್ ಸುತ್ತಿ. ಹಳೆಯ ಸೆಲ್ ಬಿಸಾಡುವಾಗಲೂ ಹೀಗೇ ಟೇಪ್ ಸುತ್ತಿ ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ, ಕಸದ ಬೆಂಕಿಗೆ ಬೇಡ.

ಹೊಸ ಸೆಲ್ ಬಂದ ದಿನ ಹೀಗೆ ಮಾಡಿ. ಮೊದಲು ಹೊಸ ಆಲ್ಕಲೈನ್ ಹಾಕಿ, ಒಂದು ಬೀಗದ ಕೈಯನ್ನು ದೂರದಿಂದ ತನ್ನಿ. ಎಷ್ಟು ಹತ್ತಿರ ಬಂದಾಗ ಕೂಗಿತು, ಸ್ಕೇಲ್ ಹಿಡಿದು ಬರೆದುಕೊಳ್ಳಿ. ಆಮೇಲೆ ನಿಕಲ್ ಸೆಲ್ ಹಾಕಿ ಅದೇ ಕೀ ತನ್ನಿ. ಎರಡೂ ದೂರ ಒಂದೇ ಬಂದರೆ ಆ ಡಿಟೆಕ್ಟರನ್ನು ಬಾಗಿಲಿಗೆ ಕಳಿಸಿ.